ಕೆಳಗಿನ ಫೋಟೊಗೆ ಮೇಲೆಯೇ ಡೇಟಾ ಸುರಿಯಬೇಡಿ

ಕೊಡಗಿನ ಹೋಂಸ್ಟೇ ವೆಬ್‌ಸೈಟ್ ಅಂದಮೇಲೆ ಗ್ಯಾಲರಿ ಇರಲೇಬೇಕು. ಹೂಮಳೆ ಬಿದ್ದು ಬೆಳ್ಳಗಾದ ಕಾಫಿ ತೋಟ, ಮಾಂದಲಪಟ್ಟಿಯ ಮಂಜು, ಅಬ್ಬಿ ಜಲಪಾತ, ತಟ್ಟೆಯಲ್ಲಿ ಕಡಂಬುಟ್ಟು-ಪಂದಿಕರಿ. ಒಂದೊಂದು ಫೋಟೊ 300 ಕೆಬಿ ಎಂದರೂ 40 ಫೋಟೊಗೆ 12 ಎಂಬಿ. ಬೆಂಗಳೂರಿನ ಫೈಬರ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಕಕ್ಕಡದ ಮಳೆಯಲ್ಲಿ, ಭಾಗಮಂಡಲದ ಕಡೆ ಒಂದೇ ಕಡ್ಡಿ ಸಿಗ್ನಲ್ ಹಿಡಿದುಕೊಂಡು ದಾರಿ ಹುಡುಕುವವರಿಗೆ ಮಾತ್ರ ಮ್ಯಾಪ್ ಈ ಫೋಟೊಗಳ ಹಿಂದೆ ಕ್ಯೂ ನಿಲ್ಲುತ್ತದೆ.

ಪರದೆಯ ಹತ್ತಿರ ಬಂದ ಫೋಟೊವನ್ನು ಮಾತ್ರ ತರುವುದೇ ಇದಕ್ಕೆ ಮದ್ದು, ಹೆಸರು ಲೇಜಿ ಲೋಡಿಂಗ್. ಮೊದಲು ಸುಲಭದ ದಾರಿ. ಇಮೇಜ್ ಟ್ಯಾಗ್‌ಗೆ ‘ಲೋಡಿಂಗ್’ ಆಟ್ರಿಬ್ಯೂಟ್ ಹಾಕಿ ‘ಲೇಜಿ’ ಎಂದರೆ ಉಳಿದದ್ದನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಕ್ರೋಮ್‌ಗೆ ಇದು 2019ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2020ರಲ್ಲಿ, ಸಫಾರಿಗೆ 2022ರಲ್ಲಿ. ಬಹುಪಾಲು ಸೈಟ್‌ಗಳಿಗೆ ಇಷ್ಟು ಸಾಕು, ಇದಕ್ಕೊಂದು ಪ್ಲಗಿನ್ ಬೇರೆ ಯಾಕೆ? ಆದರೆ ಫೋಟೊ ಎಷ್ಟು ದೂರದಲ್ಲಿರುವಾಗ ತರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಕ್ರೋಮ್ 4ಜಿಯಲ್ಲಿ 1250 ಪಿಕ್ಸೆಲ್ ಮೊದಲೇ ತರಲು ಶುರುಮಾಡುತ್ತದೆ, ನಿಧಾನ ನೆಟ್‌ವರ್ಕ್‌ನಲ್ಲಿ 2500 ಪಿಕ್ಸೆಲ್ ಮೊದಲು. ಜೊತೆಗೆ ಸಿಎಸ್‌ಎಸ್ (ಪುಟದ ವಿನ್ಯಾಸದ ಕೋಡ್) ಮೂಲಕ ಹಾಕಿದ ಹಿನ್ನೆಲೆ ಚಿತ್ರಗಳಿಗೆ ಈ ಆಟ್ರಿಬ್ಯೂಟ್ ತಾಗುವುದೇ ಇಲ್ಲ.

ಅಲ್ಲಿ ಜಾವಾಸ್ಕ್ರಿಪ್ಟ್ ಬೇಕು. ಸ್ಕ್ರೋಲ್ ಇವೆಂಟ್ ಹಿಡಿದು ಪ್ರತಿ ಸಲ ಅಳತೆ ತೆಗೆಯುವ ಹಳೇ ಪದ್ಧತಿ ಬಿಟ್ಟುಬಿಡಿ, ಅಗ್ಗದ ಫೋನ್‌ನಲ್ಲಿ ಪುಟ ತಡವರಿಸುತ್ತದೆ. ಇಂಟರ್‌ಸೆಕ್ಷನ್ ಅಬ್ಸರ್ವರ್ ಬಳಸಿ: ಫೋಟೊ ಪರದೆಯ ಹತ್ತಿರ ಬಂತೇ ಎಂದು ಬ್ರೌಸರೇ ಕಾದು ನಮ್ಮ ಕೋಡ್‌ಗೆ ತಿಳಿಸುವ ಸೌಲಭ್ಯ ಇದು. ನಿಜವಾದ ವಿಳಾಸವನ್ನು ‘ಡೇಟಾ-ಎಸ್‌ಆರ್‌ಸಿ’ಯಲ್ಲಿ ಇಟ್ಟು, ಫೋಟೊ ಹತ್ತಿರ ಬಂದಾಗ ‘ಎಸ್‌ಆರ್‌ಸಿ’ಗೆ ಹಾಕಿ, ತಕ್ಷಣ ‘ಅನ್‌ಅಬ್ಸರ್ವ್’ ಮಾಡಿ (ಅದನ್ನು ಕಾಯುವುದನ್ನು ನಿಲ್ಲಿಸಿ). ಪರದೆಯಿಂದ ಎಷ್ಟು ದೂರ ಇರುವಾಗಲೇ ತಿಳಿಸಬೇಕು ಎನ್ನುವ ‘ರೂಟ್‌ಮಾರ್ಜಿನ್’ 300 ಪಿಕ್ಸೆಲ್‌ನಿಂದ ಶುರುಮಾಡಿ ನೋಡಿ. ಬರೀ 300 ಎಂದು ಬರೆದರೆ ಎರರ್ ಬರುತ್ತದೆ, ಪಿಎಕ್ಸ್ ಸೇರಿಸಲೇಬೇಕು. ಇನ್ನೊಂದು: ಅಬ್ಸರ್ವ್ ಮಾಡಿದ ಕೂಡಲೇ ಎಲ್ಲ ಫೋಟೊಗಳಿಗೂ ಕಾಲ್‌ಬ್ಯಾಕ್ (ಅಬ್ಸರ್ವರ್ ಕರೆಯುವ ನಮ್ಮ ಕೋಡ್) ಒಂದು ಸಲ ಓಡುತ್ತದೆ, ಪರದೆಯ ಹೊರಗಿದ್ದರೂ. ಫೋಟೊ ನಿಜಕ್ಕೂ ಹತ್ತಿರ ಬಂದಿದೆಯೇ ಎಂದು ಹೇಳುವ ‘ಈಸ್‌ಇಂಟರ್‌ಸೆಕ್ಟಿಂಗ್’ ಪರೀಕ್ಷಿಸದಿದ್ದರೆ 40 ಫೋಟೊಗಳೂ ಒಟ್ಟಿಗೇ ನುಗ್ಗುತ್ತವೆ.

ಇದಕ್ಕಿಂತ ಹೆಚ್ಚು ಕಾಡುವುದು ಎತ್ತರದ ತಪ್ಪು. ‘ವಿಡ್ತ್’, ‘ಹೈಟ್’ ಕೊಡದ ಖಾಲಿ ಫೋಟೊಗೆ ಎತ್ತರ ಸೊನ್ನೆ. ಗ್ಯಾಲರಿಯ ಅಷ್ಟೂ ಫೋಟೊಗಳು ಒಂದೇ ಕಡೆ ಒತ್ತಿಕೊಂಡು ಕೂರುತ್ತವೆ, ಎಲ್ಲವೂ ಪರದೆಯೊಳಗೇ ಇವೆ ಎಂದು ಅಬ್ಸರ್ವರ್ ಹೇಳುತ್ತದೆ, ಎಲ್ಲವೂ ಲೋಡ್ ಆಗುತ್ತವೆ. ಅದು ಸುಳ್ಳು ಹೇಳುತ್ತಿಲ್ಲ! ಮೇಲಾಗಿ ಫೋಟೊ ಬಂದಂತೆಲ್ಲ ಪುಟ ಕೆಳಕ್ಕೆ ಜಿಗಿದು, ‘ಕರೆ ಮಾಡಿ’ ಬಟನ್ ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ. ಟ್ಯಾಗ್‌ನಲ್ಲಿ 1200, 800 ಎಂದು ಅಳತೆ ಕೊಟ್ಟು, ಸಿಎಸ್‌ಎಸ್‌ನಲ್ಲಿ ಅಗಲ 100%, ಎತ್ತರ ಆಟೋ ಇಟ್ಟರೆ ಬ್ರೌಸರ್ 3:2 ಜಾಗ ಮೊದಲೇ ಕಾದಿರಿಸುತ್ತದೆ.

ಪುಟದ ತಲೆಯಲ್ಲಿರುವ ದೊಡ್ಡ ಫೋಟೊಗೆ ಲೇಜಿ ಬೇಡವೇ ಬೇಡ. ಬ್ರೌಸರ್ ಅದನ್ನು ಮೊದಲು ತರಲಿ ಎಂದು ‘ಫೆಚ್‌ಪ್ರಯಾರಿಟಿ’ ಹೈ ಕೊಡಿ.

ಮಳೆಗಾಲದ ನೆಟ್‌ವರ್ಕ್‌ಗೆ ಇನ್ನೊಂದು ಏರ್ಪಾಡು ಬೇಕು. ಅರ್ಧಕ್ಕೆ ಸಿಗ್ನಲ್ ಹೋದರೆ ಫೋಟೊ ಮುರಿದೇ ಉಳಿಯುತ್ತದೆ, ಯಾಕೆಂದರೆ ಅದನ್ನು ಆಗಲೇ ಅನ್‌ಅಬ್ಸರ್ವ್ ಮಾಡಿಯಾಗಿದೆ. ‘ಎರರ್’ ಇವೆಂಟ್‌ನಲ್ಲಿ ಮತ್ತೆ ಅಬ್ಸರ್ವ್ ಮಾಡಿ, ಆದರೆ ಕೂಡಲೇ ಅಲ್ಲ. ಫೋಟೊ ಕಣ್ಣೆದುರೇ ಇದ್ದರೆ ಕಾಲ್‌ಬ್ಯಾಕ್ ತಕ್ಷಣ ಓಡಿ, ಮತ್ತೆ ಸೋತು, ಮತ್ತೆ ಓಡಿ ಬ್ಯಾಟರಿ ತಿನ್ನುತ್ತದೆ. 5 ಸೆಕೆಂಡ್ ಬಿಟ್ಟು, ಹೆಚ್ಚೆಂದರೆ 3 ಸಲ ಸಾಕು. ‘ಆನ್‌ಲೈನ್’ ಇವೆಂಟ್ ಒಂದನ್ನೇ ನಂಬಬೇಡಿ: ಒಂದು ಕಡ್ಡಿ ಸಿಗ್ನಲ್ ಇರುವಷ್ಟು ಹೊತ್ತೂ ಫೋನ್ ತಾನು ಆನ್‌ಲೈನ್ ಎಂದೇ ಅಂದುಕೊಂಡಿರುತ್ತದೆ.

ಪರೀಕ್ಷೆಗೆ ಕ್ರೋಮ್‌ನ ಡೆವ್‌ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಶ್ ಆಫ್ ಮಾಡಿ, ವೇಗ 3ಜಿಗೆ ಇಳಿಸಿ, ಚಿತ್ರಗಳನ್ನು ಮಾತ್ರ ಫಿಲ್ಟರ್ ಮಾಡಿ. ಸ್ಕ್ರೋಲ್ ಮಾಡಿದಂತೆ ಸಾಲುಗಳು ಒಂದೊಂದಾಗಿ ಸೇರಬೇಕು. ಪುಟ ತೆರೆದೊಡನೆ 40 ಸಾಲೂ ಬಂದು ನಿಂತರೆ ಮೊದಲು ಎತ್ತರ ನೋಡಿ, ಆಮೇಲೆ ಈಸ್‌ಇಂಟರ್‌ಸೆಕ್ಟಿಂಗ್.