ಹೊಳೆಯುವ ಗೋಲ್ಡ್ ಸ್ಟಾರ್ ಹರಾಜಿಗೆ ಬಂದಿದೆ, ಕೊಳ್ಳಲೇ?

ಬರ್ಮಿಂಗ್‌ಹ್ಯಾಮ್‌ಗೆ ಬಂದು ಹಳೆಯ ಬೈಕ್‌ಗಳ ನಂಟು ಬೆಳೆದ ಮೇಲೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಯಾರೋ ಹರಾಜಿನ ಕ್ಯಾಟಲಾಗ್‌ನ ಒಂದು ಚಿತ್ರ ಕಳುಹಿಸುತ್ತಾರೆ. ಕನ್ನಡಿಯಂಥ ಕ್ರೋಮ್ ಟ್ಯಾಂಕ್, ಹಿಂದಕ್ಕೆ ಬಾಗಿದ ಸೈಲೆನ್ಸರ್ ಕೊಳವೆ, ಕೆಳಗೆ ‘ಬಿಎಸ್‌ಎ ಗೋಲ್ಡ್ ಸ್ಟಾರ್ ಡಿಬಿಡಿ34, ಪೂರ್ತಿ ರೀಸ್ಟೋರ್ ಮಾಡಿದ್ದು’ ಎಂಬ ಸಾಲು. ಬಿಎಸ್‌ಎ ಇದೇ ಊರಿನ ಹಳೆಯ ಬೈಕ್ ಕಂಪನಿ, ಗೋಲ್ಡ್ ಸ್ಟಾರ್ ಅದರ ಹೆಸರಾಂತ ಬೈಕ್, ಡಿಬಿಡಿ34 ಅದರ ಒಂದು ಮಾದರಿ. ‘ಕೊಳ್ಳಬಹುದೇ?’ ಎಂದು ಕೇಳುತ್ತಾರೆ. ಬಣ್ಣವನ್ನು ಆಮೇಲೆ ನೋಡಿ, ಮೊದಲು ಮಂಡಿಯೂರಿ ಕುಳಿತು ಚಾಸಿಯ ಬಲಗಡೆಯ ಕೆಳಗಿನ ಕೊಳವೆಯನ್ನು ನೋಡಿ ಎನ್ನುತ್ತೇನೆ.

ಈ ಬೈಕಿನ ಹೆಸರು ಜಾಹೀರಾತಿನವರು ಕೂತು ಕಟ್ಟಿದ್ದಲ್ಲ. 1937ರ ಜೂನ್‌ನಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲಿ ರೇಸರ್ ವಾಲ್ ಹ್ಯಾಂಡ್ಲಿ 500 ಸಿಸಿಯ ಬಿಎಸ್‌ಎ ಎಂಪೈರ್ ಸ್ಟಾರ್ ಓಡಿಸಿ, ಒಂದು ಸುತ್ತನ್ನು ಗಂಟೆಗೆ 107 ಮೈಲಿಗೂ ಮೀರಿದ ವೇಗದಲ್ಲಿ ಮುಗಿಸಿದರು. ಅಲ್ಲಿ ರೇಸಿನಲ್ಲಿ 100 ಮೈಲಿ ದಾಟಿದವರಿಗೆ ಬ್ರಿಟಿಷ್ ಮೋಟರ್ ಸೈಕಲ್ ರೇಸಿಂಗ್ ಕ್ಲಬ್ ಬಂಗಾರದ ನಕ್ಷತ್ರದ ಪುಟ್ಟ ಬಿಲ್ಲೆ ಕೊಡುತ್ತಿತ್ತು. ಮರುವರ್ಷ ಕಂಪನಿ ಅದೇ ಹೆಸರಿನ ಬೈಕ್ ತಂದಿತು. ಎರಡನೇ ಮಹಾಯುದ್ಧದ ನಂತರ ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನ ಆರ್ಮರಿ ರೋಡ್ ಕಾರ್ಖಾನೆಯಿಂದ ಹೊರಟ ಗೋಲ್ಡ್ ಸ್ಟಾರ್‌ಗಳ ಜೊತೆಗೆ, ಆ ಇಂಜಿನ್ ಪರೀಕ್ಷೆಯಲ್ಲಿ ಎಷ್ಟು ಶಕ್ತಿ ತೋರಿಸಿತು ಎಂಬ ಚೀಟಿಯೂ ಬರುತ್ತಿತ್ತು. 1956ರಲ್ಲಿ ಬಂದ ಡಿಬಿಡಿ34 ಆ ಸಾಲಿನ ಕೊನೆಯ ಕುಡಿ: 499 ಸಿಸಿ, ಒಂದೇ ಸಿಲಿಂಡರ್, ರೇಸಿಗೆಂದೇ ಮಾಡಿದ, ಬಾಯ್ದೆರೆದ ಅಮಾಲ್ ಜಿಪಿ ಕಾರ್ಬುರೇಟರ್. ರೇಸ್ ಗೇರ್‌ಬಾಕ್ಸ್ ಇದ್ದರೆ ಮೊದಲ ಗೇರ್‌ನಲ್ಲೇ ಗಂಟೆಗೆ 60 ಮೈಲಿಯ ಹತ್ತಿರ ಹೋಗುತ್ತದೆ. ಸಿಗ್ನಲ್‌ನಿಂದ ಹೊರಡುವಾಗ ಕ್ಲಚ್ ಹಿಡಿದು ಹಿಡಿದು ಎಡಗೈ ಸೋಲುತ್ತದೆ, ನಿಂತಲ್ಲಿ ಇಂಜಿನ್ ತಾನಾಗಿ ಓಡುತ್ತಿರುವುದೂ ಇಲ್ಲ. ನನಗೆ ಅದರ ಮೇಲಿರುವ ಪ್ರೀತಿಗೆ ಇದೂ ಒಂದು ಕಾರಣ. ಊರೊಳಗೆ ಹಾಯಾಗಿ ಓಡಾಡಲು ಅದನ್ನು ಯಾರೂ ಕಟ್ಟಿರಲಿಲ್ಲ.

1963ರಲ್ಲಿ ತಯಾರಿಕೆ ನಿಂತಿತು. ಬೆಲೆ ಏರಿದಂತೆ ನಕಲುಗಳೂ ಹುಟ್ಟಿಕೊಂಡವು. ಇದೇ ಬಿಎಸ್‌ಎ, ನಿತ್ಯದ ಓಡಾಟಕ್ಕೆಂದು ಬಿ31 ಮತ್ತು ಬಿ33 ಎಂಬ ಸಾಧು ಬೈಕ್‌ಗಳನ್ನು ಮಾಡುತ್ತಿತ್ತು. ನೋಟಕ್ಕೆ ಒಂದೇ ಮನೆತನ. ಬಿ33ರ ಚಾಸಿಗೆ ಗೋಲ್ಡ್ ಸ್ಟಾರ್ ಇಂಜಿನ್ ಕೂರಿಸಿ, ಟ್ಯಾಂಕ್ ಬದಲಿಸಿ, ಬಣ್ಣ ಬಳಿದರೆ ಹತ್ತು ಅಡಿ ದೂರದಿಂದ ಪತ್ತೆ ಹಚ್ಚುವುದು ಕಷ್ಟ. ಆದರೆ ಆಯಿಲ್ ಪಂಪ್‌ಗೆ ಜಾಗ ಬಿಡಲೆಂದು ಗೋಲ್ಡ್ ಸ್ಟಾರ್‌ನ ಸ್ವಿಂಗಿಂಗ್ ಆರ್ಮ್ (ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ) ಚಾಸಿಯಲ್ಲಿ ಬಲಗಡೆಯ ಕೆಳಗಿನ ಕೊಳವೆಯನ್ನು ಕೊಂಚ ಬಾಗಿಸಿದ್ದಾರೆ. ಬಿ33ರಲ್ಲಿ ಅದು ನೇರವಾಗಿರುತ್ತದೆ, ಸೈಡ್‌ಕಾರ್ ಕಟ್ಟುವ ಕಿವಿಗಳೂ ಇರುತ್ತವೆ. ನನ್ನ ಗೆಳೆಯರೊಬ್ಬರು ಹೊಳಪಿಗೆ ಮರುಳಾಗಿ ಇದನ್ನು ನೋಡದೆ ಕೊಂಡರು. ಮನೆಗೆ ತಂದ ಮೇಲೆ ಇಬ್ಬರೂ ಟಾರ್ಚ್ ಹಿಡಿದು ಕೆಳಗೆ ನೋಡಿದೆವು. ಕೊಳವೆ ನೇರವಾಗಿತ್ತು. ಆ ಸಂಜೆ ಅವರು ಮಾತೇ ಆಡಲಿಲ್ಲ.

ಬಾಗು ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ನಂಬರ್‌ಗಳನ್ನೂ ನೋಡಬೇಕು. ಇಂಜಿನ್ ಮೇಲೆ ಡಿಬಿಡಿ34ಜಿಎಸ್ ಎಂದೂ ಚಾಸಿಯ ಮೇಲೆ ಸಿಬಿ32 ಎಂದೂ ಶುರುವಾಗುವ ಅಂಕಿಗಳಿರುತ್ತವೆ. ಎರಡೂ ಒಂದೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇದು ಗೊತ್ತಿಲ್ಲದೆ ಅಪ್ಪಟ ಬೈಕನ್ನು ಬಿಟ್ಟು ಬಂದವರನ್ನೂ ಕಂಡಿದ್ದೇನೆ. ಯಾವ ಇಂಜಿನ್ ಯಾವ ಚಾಸಿಯೊಂದಿಗೆ ಹೊರಟಿತು ಎಂಬುದು ಕಾರ್ಖಾನೆಯ ರವಾನೆ ದಾಖಲೆಯಲ್ಲಿದೆ. ಅದನ್ನು ವಿಂಟೇಜ್ ಮೋಟರ್ ಸೈಕಲ್ ಕ್ಲಬ್ ಕಾಪಾಡಿಕೊಂಡು ಬಂದಿದೆ. ಆ ಪುಟದ ಪ್ರತಿ ಇಲ್ಲದ ಗೋಲ್ಡ್ ಸ್ಟಾರ್‌ಗೆ ನಾನು ಗೋಲ್ಡ್ ಸ್ಟಾರ್‌ನ ಬೆಲೆ ಕೊಡುವುದಿಲ್ಲ.

ರೀಸ್ಟೋರ್ ಮಾಡಿದ್ದೆಂದರೆ ಓಡಲು ಸಿದ್ಧವೆಂದೂ ತಿಳಿಯಬೇಡಿ. ಎಷ್ಟೋ ಬೈಕ್‌ಗಳು ಚೆಂದವಾದ ದಿನದಿಂದ ಗ್ಯಾರೇಜಿನಲ್ಲೇ ನಿಂತಿರುತ್ತವೆ. ಹಾಗೆ ನಿಂತಾಗ ಟ್ಯಾಂಕಿನ ಆಯಿಲ್ ಮೆಲ್ಲನೆ ಇಳಿದು ಇಂಜಿನ್‌ನ ತಳ ಸೇರುತ್ತದೆ. ಅದನ್ನು ತೆಗೆಯದೆ ಕಿಕ್ ಹೊಡೆದರೆ ಹೊಗೆಯೊಂದಿಗೆ ಸೀಲ್‌ಗಳೂ ಹೋಗಬಹುದು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರ ಮತ್ತು ವರ್ಷವನ್ನು ಹೇಳುತ್ತವೆ, ಓದಿ. ಕೆಲಸ ಮಾಡಿದ ಮೆಕ್ಯಾನಿಕ್‌ನ ಬಿಲ್‌ಗಳನ್ನು ಕೇಳಿ. ಬಣ್ಣದ ಬಿಲ್ ಮಾತ್ರ ಇದ್ದು ಕ್ರ್ಯಾಂಕ್, ಬೇರಿಂಗ್‌ಗಳದ್ದು ಇಲ್ಲದಿದ್ದರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಸವಾಲು ಕೂಗುವ ಮುನ್ನ ಲೆಕ್ಕವನ್ನು ಬರೆದಿಟ್ಟುಕೊಳ್ಳಿ. 15,000 ಪೌಂಡ್‌ಗೆ ಸುತ್ತಿಗೆ ಬಿತ್ತು ಎನ್ನೋಣ. ಹರಾಜು ಸಂಸ್ಥೆಯ ಕಮಿಷನ್ ಶೇ 15 ಇದ್ದರೆ ಅದಕ್ಕೆ 2,250, ಆ ಕಮಿಷನ್ ಮೇಲೆ ಶೇ 20ರ ತೆರಿಗೆ 450. ಕೈಯಿಂದ ಹೋಗುವುದು 17,700.

ಮೈಸೂರಿನ ಗೆಳೆಯರು ಈಗ ಇನ್ನೊಂದನ್ನೂ ಕೇಳುತ್ತಾರೆ: ‘ಗೋಲ್ಡ್ ಸ್ಟಾರ್ ಶೋರೂಮಿನಲ್ಲೇ ಸಿಗುತ್ತದಲ್ಲ?’ ಸಿಗುತ್ತದೆ, ಅದು 2021ರಲ್ಲಿ ಅನಾವರಣಗೊಂಡ 650 ಸಿಸಿಯ ಬೇರೆಯೇ ಬೈಕ್. ನಮ್ಮೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಹೆಸರೂ ಬಿಎಸ್‌ಎ ಹೆಸರೂ ಇಂದು ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿಯ ಒಂದೇ ಸೂರಿನಡಿ ಇವೆ. ಯೆಜ್ಡಿಯ ಸದ್ದು ಕೇಳಿ ಬೆಳೆದ ನನಗೆ ಅದು ಸಂತೋಷದ ಸಂಗತಿಯೇ.

ಹರಾಜಿಗೆ ಮುನ್ನ ಬೈಕ್ ನೋಡಲು ಬಿಡುವ ಹೊತ್ತಿನಲ್ಲೇ ಹೋಗಿ. ಟಾರ್ಚ್ ಮತ್ತು ಚಿಕ್ಕ ಕನ್ನಡಿ ಜೇಬಿನಲ್ಲಿರಲಿ. ಕೊಳವೆಯ ಬಾಗು ಬೆರಳಿಗೆ ಸಿಕ್ಕರೆ ನಂಬರ್‌ಗಳ ಚಿತ್ರ ತೆಗೆದು ನನಗೆ ಕಳುಹಿಸಿ, ದಾಖಲೆಯನ್ನು ಜೊತೆಯಾಗಿಯೇ ಹುಡುಕಿಸೋಣ.