ಬಾಣಂತಿ ಅಡುಗೆಮನೆಯ ಎಣ್ಣೆ ಲೆಕ್ಕ: ಪುಣೆಯಿಂದ ಈ ತಿಂಗಳ ಅಪ್‌ಡೇಟ್

ಈ ಸಲ ಪೂರ್ತಿ ಎಣ್ಣೆ-ತುಪ್ಪದ್ದೇ ಮಾತು. ಬಸಿರಲ್ಲಿ ಬಂದ ಶುಗರ್ ಹೆರಿಗೆ ಆದಮೇಲೆ ಇಳಿಯಿತು, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟೂ ನಾರ್ಮಲ್ ಬಂತು. ಆದರೆ ಒಮ್ಮೆ ಬಂದವರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಹಾಗಾಗಿ 1ರಿಂದ 3 ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸುತ್ತಲೇ ಇರಬೇಕು. ಅನ್ನ, ಸಕ್ಕರೆ ಬಿಡು ಅಂತ ಎಲ್ಲರೂ ಹೇಳುತ್ತಾರೆ, ಕೊಬ್ಬಿನ ಮಾತು ಯಾರೂ ಎತ್ತಲ್ಲ.

ಮೊದಲು ಹೋದದ್ದು ಸಂಜೆ ಚಹಾ ಜೊತೆಯ ಖಾರಿ, ಅಂದರೆ ಪದರ ಪದರವಾದ ಬೇಕರಿ ಬಿಸ್ಕೆಟ್. ಅದರ ಪದರಗಳಿಗೆ ಹೆಚ್ಚಾಗಿ ವನಸ್ಪತಿಯೇ (ಡಾಲ್ಡಾ) ಹಾಕುತ್ತಾರೆ. 2022ರಿಂದ ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಅನ್ನುವ ನಿಯಮ ಇದೆ, ಒಳ್ಳೆಯದೇ. ಆದರೂ ತುಪ್ಪ, ಡಾಲ್ಡಾದಲ್ಲಿರುವಂಥ ಗಟ್ಟಿಯಾಗುವ ಸ್ಯಾಚುರೇಟೆಡ್ ಕೊಬ್ಬು ಉಳಿದೇ ಇರುತ್ತದೆ, ಅದು ಜಾಸ್ತಿಯಾದರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸ ಕುಂಠಿತವಾಗುತ್ತದೆ. ಈಗ ಖಾರಿ ಬದಲು ಹುರಿದ ಶೇಂಗಾ ಒಂದು ಹಿಡಿ. ಪಲ್ಯಕ್ಕೂ ಶೇಂಗಾ ಎಣ್ಣೆಯೇ, ಚಮಚದಲ್ಲಿ ಅಳೆದು, ಯಾಕಂದರೆ ಒಂದು ಚಮಚಕ್ಕೇ ಸುಮಾರು 40 ಕ್ಯಾಲೊರಿ.

ಮನೆಯಲ್ಲೇ ಶುಗರ್ ನೋಡುವ ಗ್ಲುಕೋಮೀಟರ್ ತೋರಿಸಿದ್ದು ಈ ತಿಂಗಳ ದೊಡ್ಡ ಪಾಠ. ಸಾಬುದಾಣಿ ವಡೆ ತಿಂದು 2 ಗಂಟೆಗೆ ನೋಡಿದರೆ ಅಂಕಿ ಚೆನ್ನಾಗಿತ್ತು, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ, ಏರಿತ್ತು! ಕೊಬ್ಬು ಜಾಸ್ತಿ ಇದ್ದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಸಕ್ಕರೆ ರಕ್ತಕ್ಕೆ ತಡವಾಗಿ ಇಳಿಯುತ್ತದೆ. 2 ಗಂಟೆಯ ಅಂಕಿ ಒಂದನ್ನೇ ನೋಡಿ ಕರಿದದ್ದು ಪರವಾಗಿಲ್ಲ ಅಂದುಕೊಳ್ಳಬೇಡಿ.

ಕಷ್ಟ ಅಂದರೆ ತುಪ್ಪ. ಅವ್ವ ಧಾರವಾಡದಿಂದ ಡಬ್ಬಿ ತುಂಬ ಅಂಟಿನುಂಡಿ ಕಳಿಸಿದ್ದಾಳೆ, ಬೆಲ್ಲ, ಕೊಬ್ಬರಿ, ತುಪ್ಪ ಎಲ್ಲಾ ಹಾಕಿ. "ಬಾಣಂತಿ ತುಪ್ಪ ಬಿಟ್ರ ಹೆಂಗವಾ?" ಅಂತಾಳೆ. ಬಿಟ್ಟಿಲ್ಲ. ಅರ್ಧ ಉಂಡಿ ತಿಂತೀನಿ, ಉಳಿದದ್ದು ಪಕ್ಕದ ಮನೆಯ ಕಾಕುಗೆ (ಚಿಕ್ಕಮ್ಮನಂಥವರು). ಅವ್ವನ ಕೈರುಚಿ, ಅವಳ ಕಾಳಜಿ, ಅದನ್ನು ವಾಪಸ್ ಕಳಿಸೋಕೆ ಮನಸ್ಸಿಲ್ಲ.

ಅವಳೇ ಕಳಿಸಿದ ಅಗಸಿ ಚಟ್ನಿಪುಡಿ ಮಾತ್ರ ದಿನವೂ ರೊಟ್ಟಿ ಜೊತೆ ಇರುತ್ತದೆ. ಇಲ್ಲಿನವರು ಜವಸ್ ಚಟ್ನಿ ಅಂತಾರೆ, ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಒಮೇಗಾ-3 ಅನ್ನುವ ಒಳ್ಳೆಯ ಕೊಬ್ಬು ಇದೆ, ನಾರೂ ಇದೆ. ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ಹಾಗೇ ಹೊರಗೆ ಹೋಗಿಬಿಡುತ್ತದೆ.

ಮುಂದೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಟೆಸ್ಟ್, ಶೇ. 5.7ಕ್ಕಿಂತ ಕಡಿಮೆ ಬರಬೇಕು. ಅಷ್ಟರಲ್ಲಿ ಒಮೇಗಾ-3 ಇರುವ ಬಂಗಡೆ ಮೀನನ್ನು ವಾರಕ್ಕೆರಡು ಸಲ ಮನೆಗೆ ತರುವುದು ಹೇಗೆ ಅಂತ ಅತ್ತೆ ಜೊತೆ ಮಾತಾಡಬೇಕು.