ಮನೇಲಿ ಪ್ರಿಂಟ್ ಮಾಡಿದ ಸ್ಟಿಕ್ಕರ್ ನೀರಿಗೆ ನಿಲ್ಲುತ್ತಾ?

ಮಗಳ ನೀರಿನ ಬಾಟಲಿ ಮೇಲಿನ ಹೆಸರಿನ ಸ್ಟಿಕ್ಕರ್ ನೋಡಿದವರೆಲ್ಲ ಕೇಳುವುದು ಒಂದೇ: "ಮನೆಯ ಇಂಕ್‌ಜೆಟ್ ಪ್ರಿಂಟರಲ್ಲೇ ಮಾಡಿದ್ದಾ? ತೊಳೆದರೆ ಬಣ್ಣ ಹೋಗಲ್ವಾ?"

ಸುಮ್ನೆ ಪ್ರಿಂಟ್ ತೆಗೆದು ಅಂಟಿಸಿದರೆ ಖಂಡಿತ ಹೋಗುತ್ತದೆ. ಮೇಲೆ ಲ್ಯಾಮಿನೇಷನ್ ಹಾಕಿ, ಅಂಚನ್ನೂ ಮುಚ್ಚಿದರೆ ಹೋಗುವುದಿಲ್ಲ. ಈ ಅಂಚಿನ ವಿಷಯ ನಾನು ಕಲಿತದ್ದು ಸ್ಕೂಟರ್ ಕೆಡಿಸಿಕೊಂಡು.

ಒಂದು ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ಮಾಡಿ ಸ್ಕೂಟರ್ ಮುಂದೆ ಅಂಟಿಸಿದ್ದೆ. ಲ್ಯಾಮಿನೇಷನ್ ಕೂಡ ಹಾಕಿದ್ದೆ. ವಾರಕ್ಕೇ ಜೋರು ಮಳೆ. ಬೆಳಿಗ್ಗೆ ನೋಡಿದರೆ ಸ್ಟಿಕ್ಕರಿನ ಕೆಳಗಿನ ಅಂಚಿನಿಂದ ಕುಂಕುಮದ ನೀರಿನ ಹಾಗೆ ಬಣ್ಣ ಇಳಿದು ಬಿಳಿ ಮಡ್‌ಗಾರ್ಡ್ ತನಕ ಬಂದಿತ್ತು.

ಆಗಿದ್ದು ಇಷ್ಟು. ಸ್ಟಿಕ್ಕರ್ ಹಾಳೆ ವಿನೈಲಿನದು, ವಿನೈಲ್ ಅಂದರೆ ಪ್ಲಾಸ್ಟಿಕ್. ಬರೀ ವಿನೈಲ್ ಮೇಲೆ ನಮ್ಮ ಪ್ರಿಂಟರಿನ ನೀರಿನಂಥ ಇಂಕ್ ಕೆಸುವಿನೆಲೆ ಮೇಲಿನ ಹನಿಯ ಹಾಗೆ ಉರುಳುತ್ತದೆ. ಅದಕ್ಕೇ ಇಂಕ್‌ಜೆಟ್ ವಿನೈಲ್ ಹಾಳೆಗೆ ಇಂಕ್ ಹೀರುವ ತೆಳು ಲೇಪನ ಕೊಟ್ಟಿರುತ್ತಾರೆ. ಒದ್ದೆ ಬೆರಳು ಮುಟ್ಟಿಸಿ ನೋಡಿ, ಕೊಂಚ ಅಂಟುತ್ತದೆ. ಇಂಕ್ ಹೀರುವ ಲೇಪನ ನೀರನ್ನೂ ಹೀರುತ್ತದೆ ಅಲ್ವಾ? ನಾನು ಲ್ಯಾಮಿನೇಷನ್ ಹಾಕಿದ ಮೇಲೆ ಎರಡನ್ನೂ ಒಟ್ಟಿಗೆ ಕತ್ತರಿಸಿದ್ದೆ. ಅಂಚಿನಲ್ಲಿ ಲೇಪನ ಬಾಯಿ ಬಿಟ್ಟುಕೊಂಡು ಕೂತಿತ್ತು.

ಈಗ ಮಾಡುವುದೇ ಬೇರೆ. ಪ್ರಿಂಟ್ ತೆಗೆದು ಒಂದು ದಿನ ಒಣಗಲು ಬಿಡುತ್ತೇನೆ, ಮಳೆಗಾಲದಲ್ಲಿ ಎರಡು ದಿನ. ಚಿತ್ರ ಕತ್ತರಿಸಿ ಮೊದಲು ಬಾಟಲಿಗೆ ಅಂಟಿಸುತ್ತೇನೆ. ಅದರ ಮೇಲೆ ಸುತ್ತಲೂ ನಾಲ್ಕೈದು ಮಿಲಿಮೀಟರ್ ದೊಡ್ಡದಾದ ಕೋಲ್ಡ್ ಲ್ಯಾಮಿನೇಷನ್ ಹಾಳೆ, ಅಂದರೆ ಬಿಸಿ ಮಾಡದೆ ಅಂಟುವ ಪಾರದರ್ಶಕ ಹಾಳೆ. ಅದರ ಅಂಚು ನೇರ ಬಾಟಲಿಯ ಸ್ಟೀಲಿಗೇ ಅಂಟಬೇಕು, ಗುಟ್ಟು ಅಷ್ಟೇ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಪಾತ್ರೆ ತಿಕ್ಕುವ ನಾರಿಗೆ ಸಿಕ್ಕಿ ಏಳುತ್ತದೆ. ಬಾಟಲಿಯನ್ನು ಮೊದಲು ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ. ಐಡಿ ಕಾರ್ಡಿಗೆ ಮಾಡುವ ಬಿಸಿ ಲ್ಯಾಮಿನೇಷನ್ ಬೇಡ, ವಿನೈಲ್ ಮುದುರುತ್ತದೆ. ಲೇಸರ್ ಪ್ರಿಂಟರಿಗಂತೂ ಈ ಹಾಳೆ ಹಾಕಲೇಬೇಡಿ, ಒಳಗಿನ ಬಿಸಿಗೆ ಕರಗಿ ಸುತ್ತಿಕೊಂಡರೆ ರಿಪೇರಿ ಖರ್ಚು ನಿಮ್ಮದು.

"ಯಾವ ಪ್ರಿಂಟರ್ ತಗೊಳ್ಳಲಿ?" ಅಂತಲೂ ಕೇಳುತ್ತಾರೆ. ಇಂಕ್ ಯಾವುದು ಅಂತ ನೋಡಿ. ಡೈ ಇಂಕ್ ನೀರಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಸಣ್ಣ ಕಣಗಳಿರುತ್ತವೆ. ನೀರಿಗೂ ಬಿಸಿಲಿಗೂ ಪಿಗ್ಮೆಂಟೇ ಜಾಸ್ತಿ ಗಟ್ಟಿ. ಮನೆಗಳಲ್ಲಿರುವ ಎಷ್ಟೋ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್. ತಮಾಷೆ ಅಂದರೆ, ಸೆಟ್ಟಿಂಗಿನಲ್ಲಿ ಫೋಟೋ ಪೇಪರ್ ಅಂತ ಆರಿಸಿದರೆ ಇಂಥ ಪ್ರಿಂಟರ್ ಆ ಕಪ್ಪನ್ನು ಬಿಟ್ಟು ಬಣ್ಣಗಳನ್ನೇ ಬೆರೆಸಿ ಕಪ್ಪು ಮಾಡುವುದುಂಟು. ಬರೀ ಹೆಸರು ಬೇಕಿದ್ದರೆ ಪ್ಲೇನ್ ಪೇಪರ್ ಸೆಟ್ಟಿಂಗಲ್ಲೂ ಒಮ್ಮೆ ತೆಗೆದು ನೋಡಿ, ಕೈಗೆ ಮೆತ್ತದಿದ್ದರೆ ಅದೇ ಇರಲಿ.

ಬಿಸಿಲಿನ ಮಾತಿಗೆ ಬಂದರೆ ನನ್ನ ಉತ್ತರ ಬದಲಾಗುತ್ತದೆ. ಅಂಚು ಮುಚ್ಚಿ ಎರಡನೇ ಬಾವುಟ ಮಾಡಿದೆ. ನೀರಿಗೆ ಜಗ್ಗಲಿಲ್ಲ. ಆದರೆ ಯುಗಾದಿ ಹೊತ್ತಿಗೆ ಕೆಂಪು ಬಣ್ಣ ಮಂಕಾಗಿ ಮಾಸಿದ ಕಿತ್ತಳೆಯಾಗಿತ್ತು. ಡೈ ಇಂಕಿನ ಹಣೆಬರಹ ಅದು, ಲ್ಯಾಮಿನೇಷನ್ ಸ್ವಲ್ಪ ತಡ ಮಾಡಬಹುದು ಅಷ್ಟೇ.

ಕೊನೆಗೆ ನಂಬರ್ ಪ್ಲೇಟ್ ಬರೆಯುವ ರೇಡಿಯಂ ಅಂಗಡಿಗೆ ಹೋದೆ. ಅವರು ಪ್ರಿಂಟೇ ಮಾಡಲಿಲ್ಲ. ಹಳದಿ ವಿನೈಲ್ ಒಂದು ಪಟ್ಟಿ, ಕೆಂಪು ವಿನೈಲ್ ಒಂದು ಪಟ್ಟಿ ಕತ್ತರಿಸಿ ಅಂಟಿಸಿಬಿಟ್ಟರು. ಬಣ್ಣ ಪ್ಲಾಸ್ಟಿಕ್ಕಿನ ಒಳಗೇ ಇದೆ, ಕರಗಿ ಇಳಿಯಲು ಇಂಕೇ ಇಲ್ಲ. ಎರಡು ಬಣ್ಣದ ಬಾವುಟಕ್ಕೆ ನಾನು ಮೂರು ಹಾಳೆ, ಅರ್ಧ ಬಾಟಲಿ ಇಂಕ್ ಸುರಿದಿದ್ದೆ ಅಂತ ಅವರಿಗೆ ಹೇಳಲಿಲ್ಲ.